ಬೇಲಿಯ ಮೇಲೆ ರೂಫಸ್

"ಕಾಲು ತೆಗಿ! ಅದು ನಮ್ಮ ಜಾಗ!" ತಿಲ್ಡಾ ಕಿರುಚಿದಳು.

ಪಕ್ಕದ ಮನೆಯ ರೂಫಸ್ ಬೇಲಿಯ ಮೇಲೆ ಕುದುರೆ ಹತ್ತಿದವನಂತೆ ಕೂತಿದ್ದ. ಒಂದು ಕಾಲು ಅವರ ಹಿತ್ತಲಿನಲ್ಲಿ, ಇನ್ನೊಂದು ಇವರ ಹಿತ್ತಲಿನಲ್ಲಿ.

"ಅದು ನಮ್ಮ ಮರದ ಕಾಂಕರ್. ಕೊಟ್ಬಿಡು, ಹೋಗ್ತೀನಿ."

"ನಮ್ಮ ಹುಲ್ಲಿನ ಮೇಲೆ ಬಿದ್ದಿದೆ. ನಂದು!"

ಅಬ್ಬಾ, ಎಂಥ ಕಾಂಕರ್ ಅದು! ಎಣ್ಣೆ ಸವರಿದಂತೆ ಫಳಫಳ ಹೊಳೆಯುವ ದಪ್ಪ ಕಂದು ಬೀಜ. ಸುತ್ತ ಬಿದ್ದಿದ್ದ ಸಣ್ಣವೆಲ್ಲ ಅದರ ಮುಂದೆ ಏನೂ ಅಲ್ಲ. ಅದನ್ನು ದಾರಕ್ಕೆ ಪೋಣಿಸಿ ಎದುರಾಳಿಯ ಕಾಂಕರಿಗೆ ಬೀಸಿ ಹೊಡೆಯಬೇಕು. ಯಾರದು ಒಡೆಯುತ್ತದೋ ಅವರು ಸೋತರು. ನಾಳೆಯೇ ಶಾಲೆಯಲ್ಲಿ ಪಂದ್ಯ. ಹೋದ ವರ್ಷ ತಿಲ್ಡಾಳ ಕಾಂಕರ್ ಮೊದಲ ಏಟಿಗೇ ಪುಡಿಯಾಗಿ ಇಡೀ ಕ್ಲಾಸು ನಕ್ಕಿತ್ತು. ಈ ಸಲ ಅವಳು ಗೆಲ್ಲಲೇಬೇಕಿತ್ತು.

ಗಲಾಟೆ ಕೇಳಿ ಅಜ್ಜಿ ಟೀ ಕಪ್ ಹಿಡಿದುಕೊಂಡೇ ಹೊರಗೆ ಬಂದಳು. ಅಜ್ಜಿ ಲಾಯರ್ ಆಗಿದ್ದವಳು. ಇನ್ನೇನು ಗೆದ್ದೆ ಅಂದುಕೊಂಡಳು ತಿಲ್ಡಾ.

"ಅಜ್ಜಿ, ಇವನು ಟ್ರೆಸ್‌ಪಾಸ್ ಮಾಡ್ತಿದ್ದಾನೆ, ಕೇಳದೆ ನಮ್ಮ ಜಾಗಕ್ಕೆ ಕಾಲಿಟ್ಟಿದ್ದಾನೆ! ಒಳಗೆ ಬಂದ್ರೆ ಪೊಲೀಸರಿಗೆ ಹಿಡ್ಕೊಡ್ತೀವಿ ಅಂತ ನಾನು ಬೋರ್ಡ್ ಹಾಕಿಲ್ವಾ?"

ರೂಫಸ್ ಮುಖ ಬಿಳಿಚಿತು. "ಬರೀ ಒಂದು ಕಾಲು ಅಲ್ವಾ, ಮಿಸೆಸ್ ಪೆಂಬರ್ಟನ್?"

"ಒಂದು ಬೆರಳಿಟ್ರೂ ಟ್ರೆಸ್‌ಪಾಸೇ," ಎಂದಳು ಅಜ್ಜಿ. "ಆದ್ರೆ ಅದಕ್ಕೆಲ್ಲ ಪೊಲೀಸರು ಗಿಲೀಸರು ಬರಲ್ಲ ಮಗು. ಅದು ಹಲಗೆ ಮೇಲೆ ಬರೆದ ಸುಳ್ಳು ಬೆದರಿಕೆ ಅಷ್ಟೆ. ಅಂಥ ಬೋರ್ಡಿಗೆ ಲಾಯರುಗಳು 'ಮರದ ಸುಳ್ಳು' ಅಂತಾರೆ."

"ಹಾಗಾದ್ರೆ ಕಾಂಕರ್?" ತಿಲ್ಡಾ ಕೇಳಿದಳು.

"ಅವರ ಮರದ್ದು, ಅವರದ್ದೇ. ಇಲ್ಲಿ ಬಿದ್ದ ಮಾತ್ರಕ್ಕೆ ನಮ್ಮದಾಗಲ್ಲ. ಕೇಳದೆ ನೀನು ಎತ್ಕೊಂಡ್ರೆ ಅದೂ ಟ್ರೆಸ್‌ಪಾಸೇ. ನೆಲಕ್ಕೆ ಮಾತ್ರ ಅಲ್ಲ, ವಸ್ತುವಿಗೂ ಇದೆ ಅದು."

ಇಷ್ಟು ಹೇಳಿ ಅಜ್ಜಿ ತಣ್ಣಗೆ ಒಳಗೆ ಹೋದಳು. ಸಿಕ್ಕಿಬಿದ್ದವರು ಇವರಿಬ್ಬರು! ಇವಳು ಮುಟ್ಟುವ ಹಾಗಿಲ್ಲ, ಅವನು ಇಳಿಯುವ ಹಾಗಿಲ್ಲ. ಕಾಂಕರ್ ಮಾತ್ರ ಹುಲ್ಲಿನ ಮೇಲೆ ಮಹಾರಾಜನ ಥರ ಕೂತಿತ್ತು.

"ಕಾಲು ಜೋಮು ಹಿಡೀತಿದೆ," ಎಂದ ರೂಫಸ್.

"ಹಿಡೀಲಿ."

"ಕೊಂಬೆಗಳೆಲ್ಲ ನಿಮ್ಮ ಕಡೆಗೇ ಬಾಗಿವೆ. ನಮ್ಮ ಕಡೆ ಒಂದೂ ಬಿದ್ದಿಲ್ಲ. ಶಾಲೇಲಿ ಹೊಸ ಹುಡುಗ ಅಂತ ಮೊದ್ಲೇ ಯಾರೂ ಮಾತಾಡ್ಸಲ್ಲ. ನಾಳೆ ಕಾಂಕರೂ ಇಲ್ದೆ ಸುಮ್ನೆ ನಿಂತಿರ್ಬೇಕು."

ತಿಲ್ಡಾಳಿಗೆ ಕಸಿವಿಸಿಯಾಯಿತು. ಅವಳೂ ಅವನನ್ನು ಮಾತಾಡಿಸಿರಲಿಲ್ಲ. ಅವರು ಪಕ್ಕದ ಮನೆಗೆ ಬಂದ ವಾರವೇ ಆ ಬೋರ್ಡ್ ಬರೆದಿದ್ದಳು.

"ಬಾ," ಎಂದಳು.

"ಏನು?"

"ಒಳಗೆ ಬಾ ಅಂದೆ. ಕರೆದ ಮೇಲೆ ಟ್ರೆಸ್‌ಪಾಸ್ ಅಲ್ಲ."

ರೂಫಸ್ ಧೊಪ್ಪನೆ ಹಾರಿದ. ಕುಂಟುತ್ತಾ ಬಂದು ಕಾಂಕರ್ ಎತ್ತಿಕೊಂಡ. ಹೋಯಿತು, ಪಂದ್ಯ ಕೈಬಿಟ್ಟು ಹೋಯಿತು! ತಿಲ್ಡಾಳ ಕಣ್ಣು ತುಂಬಿಬಂತು.

ರೂಫಸ್ ಅದನ್ನು ಅವಳತ್ತ ಚಾಚಿದ. "ಮುಟ್ಟಿ ನೋಡ್ತೀಯಾ? ನಾನು ಹೂಂ ಅಂದ್ರೆ ಅದೂ ಟ್ರೆಸ್‌ಪಾಸ್ ಅಲ್ಲ ತಾನೇ? ಇಲ್ಲಿ ಬಿದ್ದಿರೋ ಸಣ್ಣವೆಲ್ಲ ನೀನೇ ತಗೋ."

ತಿಲ್ಡಾ ಕಾಂಕರನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ತಣ್ಣಗಿತ್ತು, ಭಾರವಾಗಿತ್ತು. ಮತ್ತೆ ಅವನ ಕೈಗೇ ಇಟ್ಟಳು.

"ನಾಳೆ ಇದನ್ನ ಒಡೆದೇ ಒಡೀತೀನಿ ನೋಡ್ತಿರು."

"ಒಡೀತೀಯ, ಒಡೀತೀಯ!" ರೂಫಸ್ ನಗುತ್ತಾ ಮತ್ತೆ ಬೇಲಿ ಹತ್ತಲು ಹೊರಟ.

"ಅಯ್ಯೋ ಪೆದ್ದ, ಗೇಟಿದೆಯಲ್ಲೋ!"

ಅವನು ಗೇಟು ದಾಟಿ ಹೋದ. ತಿಲ್ಡಾಳ ಕೈ ಚಿಲಕದತ್ತ ಹೋಯಿತು. ಆದರೆ ಚಿಲಕ ಹಾಕದೆ, ಸಣ್ಣ ಕಾಂಕರುಗಳನ್ನು ಆರಿಸಲು ಹೋದಳು.