ಕವಚದೊಳಗಿನ ಕೆಂಪು ಲಂಗ

ಎದೆಗವಚದ ಹೊಳಪಿನಲ್ಲಿ ಇನ್ನೊಬ್ಬಳನ್ನು ಕಂಡ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

ನಾವು ಲೈಡನ್ನಿನಲ್ಲಿ ಕವಚ ಮಾಡುವವರು. ಯುದ್ಧ ಮುಗಿದ ಮೇಲೆ ಅದನ್ನು ತೊಡುವವರು ಯಾರು? ಅಪ್ಪ ಹಳೆಯವನ್ನೆಲ್ಲ ಚಿತ್ರಗಾರರಿಗೆ ಎರವಲು ಕೊಡತೊಡಗಿದ. ಅವರಲ್ಲೊಬ್ಬನಾದ ವೈಬ್ರಾಂಡ್ ಒಂದು ಎದೆಗವಚ, ಒಂದು ನಗಾರಿ, ಸ್ಪೇನಿನ ಯಾವನೋ ದಳಪತಿಯ ಕೆಂಪು ಸೊಂಟಪಟ್ಟಿ ಒಯ್ದಿದ್ದ. ಸೋಮವಾರ ಸೋಮವಾರ ಅವನ ಕೋಣೆಗೆ ಹೋಗಿ ಕವಚಕ್ಕೆ ಎಣ್ಣೆ ಹಚ್ಚಿ ಉಜ್ಜುವುದು ನನ್ನ ಕೆಲಸ. ಆಮೇಲೆ ಕಿಟಕಿಯ ಹತ್ತಿರ ನಿಂತು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಅವನನ್ನು ಕದ್ದು ನೋಡುವುದು ನಾನೇ ವಹಿಸಿಕೊಂಡ ಕೆಲಸ. ಅವನೂ ಕುಂಚ ನಿಲ್ಲಿಸಿ ನೋಡುತ್ತಿದ್ದ. ನೋಡಿದಾಗೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ಅಷ್ಟಕ್ಕೇ ನಾನು ವಾರವಿಡೀ ಬೀಗುತ್ತಿದ್ದೆ.

ಆ ಸೋಮವಾರ ಅವನು ನೀರಿಗೆಂದು ಕೆಳಗಿಳಿದಾಗ ಚಿತ್ರದ ಹತ್ತಿರ ಹೋದೆ. ಮೇಜಿನ ಮೇಲೆ ಆರಿದ ಮೇಣದಬತ್ತಿ, ತಲೆಬುರುಡೆ, ನಮ್ಮ ಕವಚ. ಆ ಕವಚದ ಹೊಳಪಿನಲ್ಲಿ ಉಗುರಿನಷ್ಟು ಕಿಟಕಿಯ ಪ್ರತಿಬಿಂಬ, ಅದರ ಪಕ್ಕ ಕೆಂಪು ಲಂಗದ ಹೆಣ್ಣು. ನನಗಿರುವುದು ಒಂದೇ ಬೂದು ಲಂಗ. ಕೆಂಪು ಲಂಗ ಉಡುವವಳು ಅವನ ಎದುರುಮನೆಯ ಅಲೀಡಾ. ನಾನು ತೋಳು ಬಿದ್ದುಹೋಗುವಂತೆ ಉಜ್ಜಿದ್ದು ಅವಳು ಮೆರೆಯಲೆಂದೇ?

ವೈಬ್ರಾಂಡ್ ಮೇಲೆ ಬರುವಷ್ಟರಲ್ಲಿ ಕವಚ ನನ್ನ ಕಂಕುಳಲ್ಲಿತ್ತು. ಚಿತ್ರ ಮುಗಿದಿಲ್ಲವೆಂದು ಗೋಗರೆದ. ಮುಗಿಯದಿದ್ದರೆ ಅಲೀಡಾಳ ಮನೆಯ ಬಾಣಲೆ ಇಟ್ಟುಕೊಂಡು ಬರೆ ಎಂದೆ. ಅವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ಅರ್ಥವಾಗಿ ನಗು ತಡೆದುಕೊಂಡ. ಅದು ಇನ್ನಷ್ಟು ಉರಿಸಿತು.

"ಹಿಲ್ಲೆಗೊಂಡ್, ಒಂದೇ ಸಲ ಅದನ್ನ ಇದ್ದಲ್ಲೇ ಇಡು. ಕಿಟಕಿ ಹತ್ರ ನಿಂತ್ಕೊಂಡು ನೋಡು. ಆಮೇಲೆ ಬೇಕಾದ್ರೆ ತಗೊಂಡ್ಹೋಗು."

ದುಮುಗುಡುತ್ತಲೇ ಇಟ್ಟು, ಹೋಗಿ ನಿಂತೆ. ಕವಚದ ಮುಂದೆ ಆ ಸ್ಪೇನಿನವನ ಪಟ್ಟಿ ಮುದ್ದೆಯಾಗಿ ಬಿದ್ದಿತ್ತು. ಕವಚದಲ್ಲಿ ಮೂಡಿದ ಅದರ ಕೆಂಪು ನನ್ನ ಬಿಂಬವನ್ನು ಸೊಂಟದಿಂದ ಕೆಳಗೆಲ್ಲ ಮುಚ್ಚಿತ್ತು. ಬೂದು ಲಂಗ ಕಾಣಲೇ ಇಲ್ಲ. ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದೆ. ಅವಳ ಕೈಯಲ್ಲಿ ನಾನು ಕೈ ಒರೆಸಿಕೊಳ್ಳುವ ಎಣ್ಣೆಬಟ್ಟೆ ಇದ್ದದ್ದನ್ನು ಆಗ ಗಮನಿಸಿದೆ.

ನಾಚಿಕೆಯಿಂದ ತಲೆ ತಗ್ಗಿತು, ಜಂಬ ಮಾತ್ರ ತಗ್ಗಲಿಲ್ಲ. ಮೇಜಿನ ಮೇಲೆ ಇಟ್ಟಿದ್ದೆಲ್ಲ ಒಂದು ದಿನ ಮಣ್ಣುಪಾಲು, ವೀರರ ಕೀರ್ತಿಯೂ ಅಷ್ಟೇ, ಚಿತ್ರದ ಅರ್ಥವೇ ಅದು ಎಂದು ಶುರುಮಾಡಿದಾಗ ಇವನೇ ಹೇಳಿದ್ದನಲ್ಲ.

"ಹಾಗಾದ್ರೆ ನಾನೂ ನಾಲ್ಕು ದಿನದವಳಾ ನಿಂಗೆ?"

ಅವನ ಕಿವಿ ಕೆಂಪಾಯಿತು. "ನೀನು ಮೇಜಿನ ಮೇಲೆಲ್ಲಿದ್ದೀಯ? ಕಿಟಕಿ ಹತ್ರ ಇದ್ದೀಯ. ಈ ಬುರುಡೆ, ಕವಚ ಎಲ್ಲ ವಾಪಸ್ ಹೋದ್ಮೇಲೂ ಅಲ್ಲೇ ಇರ್ತೀಯ ಅಂತ… ಇರ್ತೀಯಾ?"

ಕವಚದ ಮೇಲಿದ್ದ ನನ್ನ ಬೆರಳ ಗುರುತು ಒರೆಸಿದೆ. ಅದನ್ನು ಅದರ ಜಾಗದಲ್ಲೇ ಇನ್ನಷ್ಟು ನೆಟ್ಟಗೆ ಕೂರಿಸಿ, ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಂತುಕೊಂಡೆ.