ಅವ್ವ ನೆಟ್ಟ ಸೇವಂತಿಗೆ

“ಇನ್ನೇನು ಉಳೀತು ನಂಗೆ?” ಸ್ಫೂರ್ತಿ ತನಗೆ ತಾನೇ ಅಂದಳು.

ಅಂಗಳದಲ್ಲಿ ಯಾರೂ ಕಾಣಲಿಲ್ಲ. ವರ್ತೂರಿನ ಆ ಬಾಡಿಗೆ ಮನೆಯ ಮೆಟ್ಟಿಲಿಳಿದು ಆಫೀಸಿಗೆ ಹೊರಟಿದ್ದ ಸ್ಫೂರ್ತಿಯ ಕಾಲು ನೆಲಕ್ಕೆ ಅಂಟಿಕೊಂಡಿತು. ಅವ್ವ ದಾವಣಗೆರೆಯಿಂದ ತಂದು ನೆಟ್ಟಿದ್ದ ಸೇವಂತಿಗೆ ಬುಡದವರೆಗೂ ಬೋಳಾಗಿತ್ತು.

“ನಾನೇ ಕುಯ್ದೆ, ಮೇಡಂ.”

ಗೋಡೆ ಮರೆಯಿಂದ ಕುಡುಗೋಲು ಹಿಡಿದು ಬಂದವನು ಮನು, ಮನೆಯೊಡತಿ ಚಿಕ್ಕಮುನಿಯಮ್ಮನ ಮಗ. ಒಂದೇ ಗೇಟಿನೊಳಗಿದ್ದರೂ ಅವರಿಬ್ಬರ ಮೊದಲ ಮಾತು ಅದು.

“ಯಾರನ್ನ ಕೇಳಿ ಕೊಯ್ದ್ರಿ?”

“ಹೂವೆಲ್ಲಾ ಒಣಗಿತ್ತು. ನಿಮ್ಮಮ್ಮ ತೀರ್ಕೊಂಡ್ರಲ್ಲ… ಸೂತಕ ಅಂತ ನೀವು ಗಿಡ ಮುಟ್ತಿಲ್ಲ ಅಂದ್ಕೊಂಡೆ. ಹೂವಾದ್ಮೇಲೆ ಸವರಿದ್ರೆ ಬುಡದಲ್ಲಿ ಮರಿ ಬರ್ತವೆ, ನಾವು ವರ್ಷಾ ವರ್ಷಾ…”

“ನಾವು ಲಿಂಗವಂತರು, ನಮ್ಮಲ್ಲಿ ಸೂತಕ ಇಲ್ಲ ಕಣ್ರೀ.” ಅವಳ ದನಿ ಒಡೆಯಿತು. “ಅವ್ವ ನೀರು ಹಾಕಿದ ಕಡೇ ಹೂವು ಅವು. ಒಣಗಿದ್ರೂ ಕಣ್ಮುಂದೆ ಇರ್ಲಿ ಅಂತ ಬಿಟ್ಟಿದ್ದೆ.”

ಮನುವಿನ ಮುಖ ಕಪ್ಪಿಟ್ಟಿತು. “ತಪ್ಪಾಯ್ತು,” ಎಂದ. ಅವಳು ಕೇಳಿಸಿಕೊಳ್ಳದೆ ನಡೆದುಬಿಟ್ಟಳು.

ಅಂದೇ ಅಣ್ಣ ಈರೇಶನಿಗೆ ಫೋನ್ ಮಾಡಿದಳು. “ಈ ಮನೆ ಬೇಡ. ಊರಿಗೆ ಬಂದ್ಬಿಡ್ತೀನಿ, ಅಲ್ಲಿಂದ್ಲೇ ಕೆಲ್ಸ ಮಾಡ್ತೀನಿ.”

ಅವ್ವ ಕಮಲಮ್ಮ ಇದ್ದಾಗ ಬೆಳಗಾಗುತ್ತಿದ್ದುದೇ ವಚನದಿಂದ. ಲಿಂಗಪೂಜೆಗೆ ಹೂವು ಬಿಡಿಸುತ್ತಾ ಹಾಡುತ್ತಿದ್ದಳು. ಈಗ ಬರೀ ಟ್ಯಾಂಕರ್ ಲಾರಿಗಳ ಸದ್ದು…

ಮನೆ ಖಾಲಿ ಮಾಡುವ ವಾರ, ಒಂದು ಮುಂಜಾನೆ, ಕೆಳಗಿನಿಂದ ಅದೇ ವಚನ ಕೇಳಿತು. ಗಂಡಸಿನ ಒರಟು ದನಿ. ಮೊದಲ ಸಾಲು ದಾಟಿ ತಡವರಿಸಿತು.

ಮೆಟ್ಟಿಲ ಮೇಲೆ ನಿಂತಿದ್ದ ಸ್ಫೂರ್ತಿ ತನಗರಿವಿಲ್ಲದೆಯೇ ಮುಂದಿನ ಸಾಲು ಹಾಡಿದಳು.

ಗಿಡಕ್ಕೆ ನೀರು ಹಾಕುತ್ತಿದ್ದ ಮನು ಬೆಚ್ಚಿ ತಲೆಯೆತ್ತಿದ.

“ಎಲ್ಲಿ ಕಲಿತ್ರಿ?”

“ಕಲೀಲಿಲ್ಲ. ದಿನಾ ಕಿವಿಗೆ ಬೀಳ್ತಿತ್ತು. ಗಿಡಕ್ಕೂ ಅಭ್ಯಾಸ ಆಗಿರುತ್ತೆ ಅಂತ…”

“ಏನ್ಲಾ,” ಒಳಗಿನಿಂದ ಚಿಕ್ಕಮುನಿಯಮ್ಮ ಗೊಣಗಿದಳು, “ದೇವ್ರ ಊವ ಕುಯ್ದಾಕ್ಬುಟ್ಟು ಈಗ ಬುಡದಾಗೆ ಆಡೇಳ್ತಾ ಕುಂತಿದ್ದೀಯ?”

ಸ್ಫೂರ್ತಿಗೆ ನಗು ಬಂತು. ಅದರ ಹಿಂದೆಯೇ ಅಳು. ಬುಡದ ಸುತ್ತ ಎಳೆಯ ಹಸಿರು ಮರಿಗಳು ತಲೆಯೆತ್ತಿದ್ದವು. ಕೂತು ಒಂದನ್ನು ಬೆರಳಿನಿಂದ ನೇವರಿಸಿದಳು.

“ಇವನ್ನ ಅವ್ವ ನೋಡ್ಲೇ ಇಲ್ಲ.”

“ಹೌದು,” ಎಂದನಷ್ಟೆ. ಸಮಾಧಾನ ಹೇಳಲಿಲ್ಲ. ಬಂದುಹೋದವರೆಲ್ಲ ಹೇಳಿದ್ದ ಸಮಾಧಾನಕ್ಕಿಂತ ಆ ಒಂದು ಮಾತು ಅವಳಿಗೆ ಹಿತವಾಯಿತು. ‘ಇವನಿಗೆ ನನ್ನ ನೋವು ಗೊತ್ತು…’ ಹೊರಡುವ ಹೊತ್ತಿನಲ್ಲಿ ಯಾಕೆ ಗೊತ್ತಾಯಿತೋ, ಶಿವನೇ.

ಸಾಮಾನಿನ ಲಾರಿ ಗೇಟಿಗೆ ಬಂದ ದಿನ ಅವಳು ಅವನ ಮುಖ ನೋಡದೆ ಹೇಳಿದಳು. “ಗಿಡ ಕಿತ್ತು ಕೊಡಿ. ಊರಿಗೆ ಒಯ್ತೀನಿ.”

ಮನು ಗುದ್ದಲಿ ತಂದ. ಬುಡದ ಪಕ್ಕ ಊರಿದ. ಕೈ ಮುಂದೆ ಹೋಗಲಿಲ್ಲ.

“ಸ್ಫೂರ್ತಿ,” ಎಂದ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. “ನಂಗೆ ನೀವು ಬೇಕು. ನಿಮ್ಗೆ ಹಂಗೇನೂ ಇಲ್ಲ ಅಂತ ಒಂದ್ಮಾತು ಹೇಳ್ಬಿಡಿ. ಬೇರು ಕಡೀದಂಗೆ ಕಿತ್ತು ಕೊಡ್ತೀನಿ.”

ಲಾರಿಯವನು ಹಾರ್ನ್ ಹೊಡೆದ. ಅವಳ ಕಣ್ಣು ತುಂಬಿ ಬಂತು.

“ಹೇಳಿ…”

“ಹೇಳಲ್ಲ,” ಎಂದಳು.