ಉಮಕ್ಕ ಓದಿದ ಕಾರ್ಡು

1999ರಲ್ಲಿ ಮದರಾಸಿನ ವಡಪಳನಿಯ ಒಂದು ಮಹಡಿ ಮನೆಯಲ್ಲಿ ನಾವು ಗಿಡಮೂಲಿಕೆಗಳ ಕನ್ನಡ ನಿಘಂಟು ಮಾಡುತ್ತಿದ್ದೆವು. ಜೊತೆ ಕೆಲಸದ ಉಮಕ್ಕ ಪದ, ಅರ್ಥ ಬರೆದಿಟ್ಟ ಮೂಲ ಕಾರ್ಡುಗಳನ್ನು ಜೋರಾಗಿ ಓದುತ್ತಿದ್ದರು, ನಾನು ಅಚ್ಚಿನ ಕರಡು ತಿದ್ದುತ್ತಿದ್ದೆ. ನಾಲಗೆಗೆ ಬೆರಳು ತಾಗಿಸಿ ಕಾರ್ಡು ತಿರುವುವುದು ಅವರ ಅಭ್ಯಾಸ. ಬಾಯಲ್ಲಿ ಸದಾ ಏಲಕ್ಕಿ. ಆ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಬೆವರುತ್ತಾ ಒಬ್ಬಳೇ ಓದಿಕೊಂಡು ತಿದ್ದುತ್ತಿದ್ದೆ. 'ಅಗ್ನಿಶಿಖೆ: ಒಂದು ಬಳ್ಳಿ. ಗಡ್ಡೆ ನೋಡಲು ಗೆಣಸಿನಂತಿರುತ್ತದೆ.' ಕಾರ್ಡಿನಲ್ಲೂ ಅಷ್ಟೇ ಇತ್ತು. ಸರಿ ಎಂದು ಗುರುತು ಹಾಕಲು ಹೊರಟಾಗ ಎದುರಿನ ಖಾಲಿ ಕುರ್ಚಿಯ ಕಡೆಯಿಂದ ತಣ್ಣನೆ ಗಾಳಿ ಬಂತು. ಜೊತೆಗೆ ಏಲಕ್ಕಿಯ ವಾಸನೆ.

"ಇರು ಕಣೇ, ಮುಗೀಲಿಲ್ಲ," ಎಂದಿತು ಉಮಕ್ಕನ ಧ್ವನಿ. ನಾನು ಅವಸರ ಮಾಡಿದಾಗಲೆಲ್ಲ ಹಾಗೇ ಹೇಳುತ್ತಿದ್ದರು. ಆಮೇಲೆ ಎಂದಿನ ಓದುವ ರಾಗದಲ್ಲಿ, "ಗಡ್ಡೆ ಕಡುವಿಷ. ತಿನ್ನಬಾರದು."

ನನ್ನ ಕೈ ತಾನಾಗಿ ಅದನ್ನು ಕರಡಿನಲ್ಲಿ ಬರೆಯಿತು.

ಸಂಪಾದಕ ವೀರೇಶ್ ಸರ್ ಬಂದಾಗ ಕಾರ್ಡು ತೋರಿಸಿ, ನಾನು ಬರೆದ ಸಾಲು ಇದರಲ್ಲಿಲ್ಲ ಎಂದೆ. ಅವರು ಅದರ ಅಂಚು ಉಜ್ಜಿ ನೋಡಿದರು.

"ಇದು ಒಂದಲ್ಲಮ್ಮ, ಎರಡು. ಗೋಂದು ಹತ್ತಿ ಅಂಟ್ಕೊಂಡಿದೆ. ಎಷ್ಟು ವರ್ಷ ಆಯ್ತೋ ಏನೋ."

ಬ್ಲೇಡಿನಿಂದ ಬಿಡಿಸಿದರು. ಉಳಿದ ಅರ್ಥ ಎರಡನೆಯ ಕಾರ್ಡಿನಲ್ಲಿತ್ತು, ಉಮಕ್ಕ ಓದಿದಂತೆಯೇ.

ಆ ನಿಘಂಟು ನೋಡಿ ಮನೆಮದ್ದು ಮಾಡುವವರು ಇವತ್ತಿಗೂ ಇದ್ದಾರೆ. ಅವರ ಪರವಾಗಿ ನಾನೇ ಉಮಕ್ಕನಿಗೆ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಬಿಡಿಸಿದ ಕಾರ್ಡಿನ ಒಳಮೈಯಲ್ಲಿ ಒಂದು ಬೆರಳಿನ ಗುರುತಿತ್ತು. ವೀರೇಶ್ ಸರ್ ಅದನ್ನು ಮುಟ್ಟಿ, ಕರ್ಚೀಫಿಗೆ ಕೈ ಒರೆಸಿಕೊಂಡರು. ಆ ಗುರುತು ಇನ್ನೂ ಒದ್ದೆಯಾಗಿತ್ತು.